ಗದುಗಿನ ನಾರಣಪ್ಪ

ಕನ್ನಡ ನಾಡಿನಲ್ಲಿ ಗಮಕಿಗಳು ಭಾರತವಾಚನಕ್ಕೆ ತೊಡಗಿದರೆ ಅಕ್ಷರ ಬಲ್ಲವರೂ ಬಾರದವರೂ ಒಂದೇ ಆಸಕ್ತಿಯಿಂದ ಕಿವಿಗೊಡುತ್ತಾರೆ. ಅವರು ವಾಚಿಸುವ ಕಾವ್ಯ ಹೆಚ್ಚಾಗಿ ‘ಕರ್ಣಾಟ ಭಾರತ ಕಥಾಮಂಜರಿ.’ ಅದನ್ನು ರಚಿಸಿದವನು ಕುಮಾರವ್ಯಾಸನೆಂದು ಹೆಸರಾದ ಗದುಗಿನ ನಾರಣಪ್ಪ.

ನಾರಣಪ್ಪನ ಹುಟ್ಟೂರು ಈಗಿನ ಧಾರವಾಡ ಜಿಲ್ಲೆಯ ಕೋಳಿವಾಡ. ಅವನು 15ನೆಯ ಶತಮಾನದಲ್ಲಿ ಬಾಳಿದನೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಗದುಗಿನ ವೀರನಾರಾಯಣ ಅವನ ಇಷ್ಟದೈವ. ಕಾವ್ಯಕ್ಕೆ ವೀರನಾರಾಯಣನೇ ಕವಿ, ತಾನು ಕೇವಲ ಲಿಪಿಕಾರ ಎಂದು ಅವನು ವಿನಯದಿಂದ ಹೇಳಿಕೊಂಡಿದ್ದಾನೆ.

ಆದರೆ ಲಿಪಿಕಾರನ ಕೆಲಸ ಹಗುರವಾದುದಲ್ಲ. ವ್ಯಾಸಭಾರತದ ಕಥೆಯನ್ನು ಗದಾಪರ್ವದವರೆಗೆ ಹತ್ತು ಪರ್ವಗಳಲ್ಲಿ ಹೇಳಲು ಅವನು ಭಾಮಿನೀ ಷಟ್ಪದಿಯನ್ನು ಆರಿಸಿಕೊಂಡನು. ಈ ಛಂದಸ್ಸಿನಲ್ಲಿ ಪದ್ಯಕ್ಕೆ ಆರು ಸಾಲು. ಮೂರನೆಯ ಮತ್ತು ಆರನೆಯ ಸಾಲಿಗೆ 23 ಮಾತ್ರೆ, ಉಳಿದವಕ್ಕೆ 14. ಇಂಥ ಪದ್ಯಗಳು ಅವನ ಕಾವ್ಯದಲ್ಲಿ 8,000ಕ್ಕೂ ಹೆಚ್ಚು. ದಿನಕ್ಕೆ ಎಂಟು ಪದ್ಯಗಳಂತೆ ಒಂದು ದಿನವೂ ಬಿಡದೆ ಬರೆದರೂ ಸಾವಿರ ದಿನಗಳು ಬೇಕು.

ಅಂದು ಬರೆಯಲು ಇದ್ದುದು ತಾಳೆಯೋಲೆ. ಕಂಠವೆಂಬ ಕಬ್ಬಿಣದ ಮೊನೆಯಿಂದ ಗೀರಿದ ಅಕ್ಷರವನ್ನು ಒರೆಸಿ ತೆಗೆಯುವಂತಿಲ್ಲ. ಹೀಗಿದ್ದೂ ಹಲಗೆ ಬಳಪ ಹಿಡಿಯದೆ, ಬರೆದ ಪದವನ್ನು ಅಳಿಸದೆ ಕಾವ್ಯ ರಚಿಸಿದ ಅಗ್ಗಳಿಕೆ ತನ್ನದೆಂದು ನಾರಣಪ್ಪ ಹೆಮ್ಮೆಪಟ್ಟಿದ್ದಾನೆ. ಇಷ್ಟು ಸಲೀಸಾಗಿ ಮಾತು ಒದಗುವವನಿಗೆ ಬರೆಯಲು ಕುಳಿತುಕೊಳ್ಳುವುದು ಕಷ್ಟವೇ ಎಂದು ಯಾರಿಗಾದರೂ ತೋರಬಹುದು.

ಇದಕ್ಕೆ ಜನತೆ ಕಾಪಾಡಿಕೊಂಡು ಬಂದ ಐತಿಹ್ಯವೊಂದು ಉತ್ತರ ಕೊಡುತ್ತದೆ. ನಾರಣಪ್ಪ ದಿನವೂ ಮಿಂದು, ಒದ್ದೆಬಟ್ಟೆಯಲ್ಲಿಯೇ ವೀರನಾರಾಯಣನ ಗುಡಿಗೆ ಬಂದು, ಒಂದು ಕಂಬದ ಬಳಿ ಕುಳಿತು ಬರೆಯುತ್ತಿದ್ದನಂತೆ. ಬಟ್ಟೆ ಆರುವವರೆಗೆ ಕಾವ್ಯಧಾರೆ. ಆರಿದೊಡನೆ ಅಂದಿನ ಬರವಣಿಗೆ ಮುಗಿಯಿತು. ಭಕ್ತರು ಇದರಲ್ಲಿ ದೈವಕೃಪೆಯನ್ನು ಕಾಣುತ್ತಾರೆ. ಒಂದು ಕಠಿಣವಾದ ನಿಯಮವೂ ಇದರಲ್ಲಿ ಅಡಗಿದೆ. ಒದ್ದೆಬಟ್ಟೆಯುಟ್ಟವನು ನಾಳೆ ನೋಡೋಣವೆಂದು ಕಾಲ ತಳ್ಳುವಂತಿಲ್ಲ. ಮೈಮೇಲಿನ ನೀರು ಆರುತ್ತಲೇ ಇರುತ್ತದೆ. ಚಳಿಯ ಮುಂಜಾವಿನಲ್ಲಿ ಮನಸ್ಸು ಒಲ್ಲೆನೆಂದರೂ ದೇಹ ಕಂಬದ ಬಳಿಗೆ ಬರಲೇಬೇಕು. ಹಾಗೆಯೇ, ಸ್ಫೂರ್ತಿ ಉಕ್ಕುತ್ತಿದ್ದರೂ ಬಟ್ಟೆ ಆರಿದಾಗ ಕಂಠವನ್ನು ಕೆಳಗಿಡಲೇಬೇಕು. ಉಳಿದ ಮಾತು ಮರುದಿನಕ್ಕೆ ಅವನನ್ನು ಮತ್ತೆ ಕರೆತರುತ್ತದೆ.

ನಾರಣಪ್ಪ ನಿಲ್ಲಿಸಿದ ಕಡೆಯಿಂದ ಭಾರತದ ಕಥೆಯನ್ನು 16ನೆಯ ಶತಮಾನದಲ್ಲಿ, ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಮುಂದುವರಿಸಿದನು. ಗದುಗಿನ ಗುಡಿಯಲ್ಲಿ ಕುಮಾರವ್ಯಾಸನ ಕಂಬವನ್ನು ಜನ ಇಂದಿಗೂ ತೋರಿಸುತ್ತಾರೆ. ಅಷ್ಟು ದೊಡ್ಡ ಪ್ರತಿಭೆಯನ್ನು ನೆನೆಯುವಾಗಲೂ ಅವರು ಮೊದಲು ನೆನೆಯುವುದು ಅವನು ದಿನವೂ ಬಂದು ಕುಳಿತ ಜಾಗವನ್ನು.