ವಿಲಿಯಂ ಕೇರಿ ಅಯ್ಯನವರೂ ಸಭೆಯ ಪುಸ್ತಕವೂ

ಕೇರಿ ಅಯ್ಯನವರು 1761ರಲ್ಲಿ ಇಂಗ್ಲೆಂಡಿನ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಜನಿಸಿ, ಪಾದರಕ್ಷೆ ಹೊಲಿಯುವ ಕಸುಬನ್ನು ಕಲಿತರು. 1783ರಲ್ಲಿ ಬ್ಯಾಪ್ಟಿಸ್ಟರಿಂದ ದೀಕ್ಷಾಸ್ನಾನ ಹೊಂದಿದರು. 1786ರಲ್ಲಿ ಓಲ್ನಿ ಎಂಬ ಸಣ್ಣ ಊರಿನ ಸಭೆಯವರು ಅವರನ್ನು ಬೋಧಕಸೇವೆಗೆ ಕಳುಹಿಸಿ, ಆ ಸಂಗತಿಯನ್ನು ಸಭೆಯ ಪುಸ್ತಕದಲ್ಲಿ ಬರೆದಿಟ್ಟರು. 1793ರಲ್ಲಿ ಅವರು ಬಂಗಾಳಕ್ಕೆ ಬಂದರು. 1800ರ ಡಿಸೆಂಬರ್ 28ರಂದು ಶ್ರೀರಾಂಪುರದ ಹೊಳೆಯಲ್ಲಿ ತಮ್ಮ ಮಗನಾದ ಫೀಲಿಕ್ಸನಿಗೂ ಬಡಗಿಯಾದ ಕೃಷ್ಣಪಾಲನಿಗೂ ಒಂದೇ ದಿನ ದೀಕ್ಷಾಸ್ನಾನ ಕೊಟ್ಟರು. 1817ರಲ್ಲಿ ಅವರ ಕನ್ನಡ ವ್ಯಾಕರಣವು ಅಚ್ಚಾಯಿತು. 1834ರಲ್ಲಿ ಕರ್ತನಲ್ಲಿ ನಿದ್ರೆಹೋದರು.

ಪ್ರಿಯರೇ, ಹೊಲಿಗೆಯವನ ಹೆಸರೂ ಬಡಗಿಯ ಹೆಸರೂ ಬರೆದಿಟ್ಟದ್ದರಿಂದಲೇ ಅಳಿಯದೆ ಉಳಿದವು. ಮಧುಗಿರಿ, ಸಿರಾ ಸೀಮೆಯಲ್ಲಿ ನಿಮ್ಮ ಮನೆತನದಿಂದ ಮೊದಲು ಕ್ರಿಸ್ತನನ್ನು ಅಂಗೀಕರಿಸಿದ ಅಜ್ಜ ಅಜ್ಜಿಯರು ಯಾರು? ವೃದ್ಧರು ಇರುವಾಗಲೇ ಕೇಳಿರಿ. ಸಭೆಯ ಪುಸ್ತಕದಲ್ಲಿ ಹುಡುಕಿರಿ. ಆ ಪುಸ್ತಕವನ್ನು ಗೆದ್ದಲಿಗೆ ಬಿಡಬೇಡಿರಿ.