ಕರಿಹಲಗೆಯ ಮುಂದೆ ನಿಂತ ಬಿಷಪರು: ಫುಲ್ಟನ್ ಶೀನ್ ಮತ್ತು ಟೆಲಿವಿಷನ್

2020ರ ಲಾಕ್‌ಡೌನ್ ದಿನಗಳಲ್ಲಿ ಇಗರ್ಜಿಗಳ ಬಾಗಿಲು ಮುಚ್ಚಿದಾಗ ನಾವೆಲ್ಲ ಮನೆಯಲ್ಲೇ ಟಿ.ವಿ., ಮೊಬೈಲುಗಳ ಮುಂದೆ ಕುಳಿತು ಬಲಿಪೂಜೆ ನೋಡಿದೆವು. ಅಲ್ತಾರಿನ ಎದುರು ಸ್ಟ್ಯಾಂಡಿನ ಮೇಲೆ ಒಂದು ಫೋನ್ ಇಟ್ಟು ಪ್ರಸಾರಕ್ಕೆ ನಿಂತ ಯುವಕರ ಪೇಚಾಟವೂ ನಮಗೆ ಗೊತ್ತು. ಬೆಳಕು ಸಾಲದು, ಧ್ವನಿ ಕೇಳದು, ಪ್ರವಚನ ಎಷ್ಟು ಹೊತ್ತಿಗೆ ಮುಗಿಯುವುದೆಂದು ಯಾರಿಗೂ ತಿಳಿಯದು. ಟೆಲಿವಿಷನ್ನೇ ಹೊಸತಾಗಿದ್ದ ಕಾಲದಲ್ಲಿ ಇವೆಲ್ಲವನ್ನೂ ಎದುರಿಸಿ ಗೆದ್ದ ಒಬ್ಬ ಧರ್ಮಾಧ್ಯಕ್ಷರಿದ್ದರು. ಅವರೇ ಅಮೆರಿಕದ ಆರ್ಚ್‌ಬಿಷಪ್ ಫುಲ್ಟನ್ ಜೆ. ಶೀನ್. ಅವರ ಭಕ್ತಿಜೀವನದ ಬಗ್ಗೆ ಬರಹಗಳು ಸಾಕಷ್ಟಿವೆ. ನಾವಿಲ್ಲಿ ಅವರು ನಿಂತು ಮಾತನಾಡಿದ ಸ್ಟುಡಿಯೋದ ಒಳಗೂ ಸ್ವಲ್ಪ ಇಣುಕಿ ನೋಡೋಣ.

ಶೀನ್ ಅವರು 1895ರ ಮೇ 8ರಂದು ಇಲಿನಾಯ್ ರಾಜ್ಯದ ಎಲ್ ಪಾಸೋ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಜ್ಞಾನಸ್ನಾನದ ಹೆಸರು ಪೀಟರ್ ಜಾನ್. ಫುಲ್ಟನ್ ಎಂಬುದು ತಾಯಿಯ ತವರಿನ ಹೆಸರು. 1919ರಲ್ಲಿ ಪಿಯೋರಿಯಾ ಧರ್ಮಪ್ರಾಂತ್ಯಕ್ಕಾಗಿ ಗುರುದೀಕ್ಷೆ ಪಡೆದರು. ಬೆಲ್ಜಿಯಂನ ಲುವೇನ್ ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರದ ಡಾಕ್ಟರೇಟ್ ಗಳಿಸಿ ಹಿಂದಿರುಗಿದ ಈ ಬುದ್ಧಿವಂತ ಗುರುವನ್ನು ಅವರ ಬಿಷಪರು ಪಿಯೋರಿಯಾದ ಒಂದು ಬಡ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಕಳುಹಿಸಿದರು. ಶೀನ್ ಮರುಮಾತಿಲ್ಲದೆ ಹೋದರು. ಕೆಲವು ತಿಂಗಳ ಬಳಿಕ ಬಿಷಪರೇ ಕರೆದು, ವಿಧೇಯತೆ ನೋಡಬೇಕಿತ್ತಷ್ಟೇ ಎಂದು ಹೇಳಿ ವಾಷಿಂಗ್ಟನ್‌ನ ಕಥೋಲಿಕ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿಕೊಟ್ಟರು. ಅಲ್ಲಿ 1926ರಿಂದ 1950ರ ತನಕ ಪಾಠ ಮಾಡಿದರು.

ಧ್ವನಿಯ ಪಳಗುವಿಕೆ ರೇಡಿಯೋದಲ್ಲಿ ಆಯಿತು. 1930ರಲ್ಲಿ ಎನ್‌ಬಿಸಿ ಜಾಲವು ಕಥೋಲಿಕರಿಗೆಂದು ಆದಿತ್ಯವಾರದ ಒಂದು ಹೊತ್ತನ್ನು ಉಚಿತವಾಗಿ ನೀಡಿತು. 'ಕ್ಯಾಥೋಲಿಕ್ ಅವರ್' ಎಂಬ ಆ ಕಾರ್ಯಕ್ರಮದಲ್ಲಿ ಸುಮಾರು ಇಪ್ಪತ್ತು ವರ್ಷ ಅವರ ಧ್ವನಿ ಕೇಳಿಬಂತು. 1940ರ ಈಸ್ಟರ್ ಹಬ್ಬದಂದು ನ್ಯೂಯಾರ್ಕ್‌ನಲ್ಲಿ ಟೆಲಿವಿಷನ್ ಇನ್ನೂ ಪ್ರಯೋಗದ ಹಂತದಲ್ಲಿದ್ದಾಗಲೇ ಅವರು ಕ್ಯಾಮರಾ ಮುಂದೆ ನಿಂತಿದ್ದರು. ನೋಡಿದವರು ಬೆರಳೆಣಿಕೆಯ ಜನ, ಸೆಟ್ಟುಗಳೇ ಇರಲಿಲ್ಲವಲ್ಲ!

ಈಗ ಕಥೆಗೆ ಇನ್ನೊಬ್ಬರು ಬರಬೇಕು. ಅವರು ಆಲನ್ ಡ್ಯುಮಾಂಟ್ ಎಂಬ ಎಂಜಿನಿಯರ್. ಬಾಲ್ಯದಲ್ಲೇ ಪೋಲಿಯೋ ಪೀಡಿತರಾಗಿದ್ದ ಇವರು 1931ರಲ್ಲಿ ನ್ಯೂಜೆರ್ಸಿಯ ತಮ್ಮ ಮನೆಯಲ್ಲೇ ಚಿತ್ರನಳಿಕೆ, ಅಂದರೆ ಪಿಕ್ಚರ್ ಟ್ಯೂಬ್ ತಯಾರಿಸಲು ಕುಳಿತರು. ಕೆಲವೇ ಗಂಟೆ ಉರಿದು ಸಾಯುತ್ತಿದ್ದ ನಳಿಕೆಯನ್ನು ಸಾವಿರ ಗಂಟೆ ಬಾಳುವಂತೆ ಮಾಡಿದವರು ಅವರು. ಆಮೇಲೆ ಸೆಟ್ಟು ತಯಾರಿಸಿದರು, ಕೇಂದ್ರಗಳನ್ನು ತೆರೆದರು, 1946ರಲ್ಲಿ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಡುವೆ ತಂತಿ ಜೋಡಿಸಿ ಸ್ವಂತ ಪ್ರಸಾರ ಜಾಲವನ್ನೇ ಕಟ್ಟಿದರು. ಆದರೆ ಎನ್‌ಬಿಸಿ, ಸಿಬಿಎಸ್‌ಗಳ ಹಿಂದೆ ರೇಡಿಯೋದಿಂದ ಬರುವ ಹಣವಿತ್ತು. ಡ್ಯುಮಾಂಟ್‌ಗೆ ರೇಡಿಯೋ ಇರಲಿಲ್ಲ. ಒಂದು ಸಂಸ್ಥೆಗೆ ಐದೇ ಕೇಂದ್ರ ಎಂಬುದು ಸರಕಾರಿ ನಿಯಮ. ಸಿನೆಮಾ ಕಂಪನಿ ಪ್ಯಾರಾಮೌಂಟ್ ಇವರಲ್ಲಿ ಪಾಲು ಹೊಂದಿದ್ದರಿಂದ ಅದರ ಕೇಂದ್ರವನ್ನೂ ಇವರ ಲೆಕ್ಕಕ್ಕೇ ಸೇರಿಸಿಬಿಟ್ಟರು. ಕೊನೆಗೂ ಡ್ಯುಮಾಂಟ್ ಕೈಯಲ್ಲಿ ಉಳಿದದ್ದು ನ್ಯೂಯಾರ್ಕ್, ವಾಷಿಂಗ್ಟನ್, ಪಿಟ್ಸ್‌ಬರ್ಗ್ ಎಂಬ ಮೂರೇ ಕೇಂದ್ರಗಳು. ಬೇರೆ ಊರುಗಳಲ್ಲಿ ಇರುವ ಒಂದೋ ಎರಡೋ ಕೇಂದ್ರಗಳು ದೊಡ್ಡ ಜಾಲಗಳ ಕಾರ್ಯಕ್ರಮಗಳನ್ನೇ ಹಾಕುತ್ತಿದ್ದವು.

ಹೀಗೆ ಹಣವಿಲ್ಲದ ಜಾಲಕ್ಕೆ ಮಂಗಳವಾರ ರಾತ್ರಿ ಎಂಟು ಗಂಟೆ ದೊಡ್ಡ ತಲೆನೋವಾಗಿತ್ತು. ಅದೇ ಹೊತ್ತಿಗೆ ಎನ್‌ಬಿಸಿಯಲ್ಲಿ ಹಾಸ್ಯನಟ ಮಿಲ್ಟನ್ ಬರ್ಲ್ ಬರುತ್ತಿದ್ದರು, ಸಿಬಿಎಸ್‌ನಲ್ಲಿ ಗಾಯಕ ಫ್ರಾಂಕ್ ಸಿನಾತ್ರಾ. ಅವರ ಎದುರು ಏನು ಹಾಕಿದರೂ ಸತ್ತಂತೆಯೇ ಎಂಬ ಲೆಕ್ಕಾಚಾರ. ಆ ಖಾಲಿ ಜಾಗಕ್ಕೆ, 1951ರಲ್ಲಷ್ಟೇ ನ್ಯೂಯಾರ್ಕಿನ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಶೀನ್ ಬಂದರು. 'ಲೈಫ್ ಈಸ್ ವರ್ತ್ ಲಿವಿಂಗ್' 1952ರ ಫೆಬ್ರವರಿ 12ರಂದು ಕೆಲವೇ ಕೇಂದ್ರಗಳಲ್ಲಿ ಆರಂಭವಾಯಿತು.

ಸ್ಟುಡಿಯೋ ಎಂದರೆ ನಾವು ಕಲ್ಪಿಸುವಂಥದ್ದಲ್ಲ. ಮ್ಯಾನ್‌ಹಟನ್‌ನ 54ನೇ ಬೀದಿಯಲ್ಲಿದ್ದ ಅಡೆಲ್ಫಿ ಎಂಬ 1928ರ ನಾಟಕಶಾಲೆ ಅದು. ಕೆಳಗೆ ಕುರ್ಚಿಗಳಲ್ಲಿ ಪ್ರೇಕ್ಷಕರು. ವೇದಿಕೆಯ ಮೇಲೆ ಪುಸ್ತಕದ ಕಪಾಟಿರುವ ಓದುವ ಕೋಣೆಯ ದೃಶ್ಯ, ಮಾತೆ ಮರಿಯಳ ಪ್ರತಿಮೆ, ಒಂದು ಕರಿಹಲಗೆ. ಅಂದಿನ ಕ್ಯಾಮರಾಗಳಿಗೆ ಬಹಳ ಬೆಳಕು ಬೇಕು. ದೀಪಗಳ ಕಾವಿನಲ್ಲಿ ನಿಂತವರು ಬೆವರಲೇಬೇಕು. ಅಪ್ಪಟ ಬಿಳಿ ಬಟ್ಟೆಯನ್ನು ಕ್ಯಾಮರಾ ತಾಳುತ್ತಿರಲಿಲ್ಲ, ಹೊಳೆಯುವ ವಸ್ತುವಿನ ಸುತ್ತ ಕಪ್ಪು ನೆರಳು ಮೂಡುತ್ತಿತ್ತು. ನಟರು ಬಿಳಿಯ ಬದಲು ತಿಳಿನೀಲಿ ಅಂಗಿ ತೊಟ್ಟು ಬರುತ್ತಿದ್ದ ಕಾಲ ಅದು. ಬಿಷಪರ ಕಪ್ಪು ನಿಲುವಂಗಿ, ನೇರಳೆ ಮೇಲುಹೊದಿಕೆ, ಎದೆಯ ಶಿಲುಬೆ ಮಾತ್ರ ಕಪ್ಪು-ಬಿಳುಪು ಪರದೆಯಲ್ಲಿ ಎದ್ದು ಕಾಣುತ್ತಿದ್ದವು. ಗುಳಿಬಿದ್ದ ಆ ಕಣ್ಣುಗಳ ಬಗ್ಗೆ ನೋಡಿದವರೆಲ್ಲ ಮಾತನಾಡಿದ್ದಾರೆ.

ಎಲ್ಲವೂ ನೇರ ಪ್ರಸಾರ. ತಪ್ಪಿದರೆ ತಿದ್ದುವ ಮಾತೇ ಇಲ್ಲ. ಆದರೂ ಶೀನ್ ಕೈಯಲ್ಲಿ ಚೀಟಿ ಇಲ್ಲ, ಎದುರು ಓದುವ ಯಂತ್ರವಿಲ್ಲ. ಇದು ಬರೀ ದೇವರ ಕೊಡುಗೆ ಎಂದು ನಾವು ತಿಳಿದರೆ ತಪ್ಪು. ಅರ್ಧ ಗಂಟೆಯ ಒಂದು ಮಾತಿಗೆ ಅವರು ಸುಮಾರು ಮೂವತ್ತು ಗಂಟೆ ತಯಾರಿ ಮಾಡುತ್ತಿದ್ದರು. ಪ್ರಸಾರಕ್ಕೆ ಮುಂಚೆ ಅದೇ ವಿಷಯವನ್ನು ಗೆಳೆಯರ ಮುಂದೆ ಇಟಾಲಿಯನ್ ಅಥವಾ ಫ್ರೆಂಚ್ ಭಾಷೆಯಲ್ಲಿ ಹೇಳಿ ನೋಡುತ್ತಿದ್ದರು. ಬೇರೆ ಭಾಷೆಯಲ್ಲಿ ತಡವರಿಸಿದರೆ ವಿಷಯ ತಮಗೇ ತಿಳಿಯಾಗಿಲ್ಲವೆಂದು ಲೆಕ್ಕ. ಮುಕ್ತಾಯದ ಮಾತುಗಳಿಗೆ ಎಷ್ಟು ನಿಮಿಷ ಬೇಕೆಂದು ಮೊದಲೇ ಗೊತ್ತು ಮಾಡಿಕೊಂಡು, ಗಡಿಯಾರ ಅಲ್ಲಿಗೆ ಬಂದೊಡನೆ ಇದ್ದಲ್ಲಿಂದ ಮುಕ್ತಾಯಕ್ಕೆ ತಿರುಗುತ್ತಿದ್ದರು. ಕ್ಷಣ ತಪ್ಪದೆ ಮುಗಿಯುತ್ತಿತ್ತು. (ನಮ್ಮ ಪ್ರವಚನಕಾರರು ಕ್ಷಮಿಸಬೇಕು, ಇದನ್ನು ಬರೆಯದೆ ಇರಲಾಗಲಿಲ್ಲ.)

ಕರಿಹಲಗೆಯ ಮೇಲ್ಭಾಗದಲ್ಲಿ ಯೇಸು, ಮರಿಯ, ಜೋಸೆಫರ ಹೆಸರಿನ ಮೊದಲಕ್ಷರಗಳನ್ನು ಬರೆದು ಪಾಠ ಆರಂಭ. ಹಲಗೆ ತುಂಬಿದಾಗ ಅವರು ವೇದಿಕೆಯ ಇನ್ನೊಂದು ಬದಿಗೆ ನಡೆದುಹೋಗುತ್ತಾರೆ, ಕ್ಯಾಮರಾ ಹಿಂಬಾಲಿಸುತ್ತದೆ. ಅಷ್ಟರಲ್ಲಿ ರಂಗದ ಕೆಲಸಗಾರರೊಬ್ಬರು ಬಂದು ಹಲಗೆ ಒರಸಿಬಿಡುತ್ತಾರೆ. ತಮ್ಮ ದೇವದೂತ ಒರಸಿದನೆಂದು ಶೀನ್ ತಮಾಷೆ ಮಾಡುತ್ತಿದ್ದರು. ಆ ಕಾಣದ ದೇವದೂತನಿಗೂ ಅಭಿಮಾನಿಗಳು ಹುಟ್ಟಿಕೊಂಡರು.

ಬರ್ಲ್ ಎದುರು ಕಾರ್ಯಕ್ರಮ ಸಾಯಲಿಲ್ಲ, ಬೆಳೆಯಿತು. 1952ರ ಏಪ್ರಿಲ್‌ನಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಟಿ.ವಿ. ತಯಾರಿಸುತ್ತಿದ್ದ ಅಡ್ಮಿರಲ್ ಕಂಪನಿ ಪ್ರಾಯೋಜಕತ್ವ ವಹಿಸಿತು. ಜಾಹೀರಾತು ಆರಂಭಕ್ಕೆ ಮತ್ತು ಕೊನೆಗೆ ಮಾತ್ರ. 1953ರ ಫೆಬ್ರವರಿಯಲ್ಲಿ ಅತ್ಯುತ್ತಮ ಟಿ.ವಿ. ವ್ಯಕ್ತಿತ್ವಕ್ಕಾಗಿ ಎಮ್ಮಿ ಪ್ರಶಸ್ತಿ ಬಂದಾಗ, ತಮಗೆ ಬರೆದುಕೊಡುವ ನಾಲ್ವರು ಲೇಖಕರಾದ ಮತ್ತಾಯ, ಮಾರ್ಕ, ಲೂಕ, ಯೊವಾನ್ನರಿಗೆ ಕೃತಜ್ಞತೆ ಹೇಳಿದರು. ಅದೇ ತಿಂಗಳ 24ರಂದು ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕದ ಶವಸಂಸ್ಕಾರದ ದೃಶ್ಯವನ್ನು ಸೋವಿಯೆತ್ ನಾಯಕರ ಹೆಸರು ಹಾಕಿ ಓದಿ, ಸ್ಟಾಲಿನ್ ಕೂಡ ನ್ಯಾಯತೀರ್ಪಿಗೆ ನಿಲ್ಲಬೇಕೆಂದರು. ಮಾರ್ಚ್ 5ರಂದು ಸ್ಟಾಲಿನ್ ತೀರಿಕೊಂಡರು. ಪತ್ರಿಕೆಗಳು ಇದನ್ನು ದೊಡ್ಡದು ಮಾಡಿದವು. ನಾವು ಅದಕ್ಕೆ ಹೆಚ್ಚು ಅರ್ಥ ಹಚ್ಚುವುದಿಲ್ಲ.

ಕಾರ್ಯಕ್ರಮದಿಂದ ಬಂದ ಹಣ ಮಿಷನ್ ಕೆಲಸಕ್ಕೆ ಹೋಯಿತು. 1950ರಿಂದ 1966ರವರೆಗೆ ಅವರು ಅಮೆರಿಕದಲ್ಲಿ ವಿಶ್ವಾಸ ಪ್ರಸಾರ ಸಂಘದ ರಾಷ್ಟ್ರೀಯ ನಿರ್ದೇಶಕರು. ಪ್ರತಿ ವರ್ಷ ಅಕ್ಟೋಬರದ ಮಿಷನ್ ಆದಿತ್ಯವಾರದಂದು ನಮ್ಮ ಇಗರ್ಜಿಗಳಲ್ಲೂ ಕಾಣಿಕೆ ಎತ್ತುವುದು ಇದೇ ಸಂಘದ ಕಾರ್ಯಕ್ಕೆ.

ಇದೇ ಮಿಷನ್ ಕೆಲಸ ಅವರನ್ನು ಕಾರ್ಡಿನಲ್ ಸ್ಪೆಲ್‌ಮನ್ ಅವರ ಎದುರು ನಿಲ್ಲಿಸಿತು. ಬಡವರಿಗೆ ಹಂಚಲು ಸರಕಾರ ಪುಕ್ಕಟೆಯಾಗಿ ಕೊಟ್ಟ ಹಾಲಿನ ಪುಡಿಗೆ ಸಂಘ ಹಣ ಕೊಡಬೇಕೆಂದು ಕಾರ್ಡಿನಲರು ಕೇಳಿದರು, ಶೀನ್ ಒಪ್ಪಲಿಲ್ಲ ಎಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ದೂರು ಪೋಪ್ ಹನ್ನೆರಡನೇ ಪಿಯುಸರ ತನಕ ಹೋಗಿ ತೀರ್ಮಾನ ಶೀನ್ ಪರವಾಗಿ ಬಂತು. ಆದರೆ 1957ರಲ್ಲಿ, ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ, ಅವರು ಆ ಕಾರ್ಯಕ್ರಮದಿಂದ ಹೊರಬಂದರು. ತಮ್ಮ ಆತ್ಮಕಥೆಯಲ್ಲಿ ಕಾರ್ಡಿನಲರ ವಿರುದ್ಧ ಒಂದು ಮಾತೂ ಆಡಲಿಲ್ಲ. ಬದಲಾಗಿ ಕೀರ್ತಿ, ಒಳ್ಳೆಯ ಬಟ್ಟೆ, ದೊಡ್ಡ ಕಾರುಗಳ ಮೋಹ ತಮ್ಮಲ್ಲಿತ್ತೆಂದು ತಮ್ಮನ್ನೇ ದೂರಿಕೊಂಡರು. ಕ್ಯಾಮರಾ ಮುಂದೆ ನಿಂತವರಿಗೆ ಆ ಮೋಹ ಎಷ್ಟು ಹತ್ತಿರವೆಂದು ಅವರಿಗೆ ಗೊತ್ತಿತ್ತು. ಗುರುದೀಕ್ಷೆಯ ದಿನಗಳಿಂದ ದಿನಕ್ಕೊಂದು ಗಂಟೆ ಪರಮಪ್ರಸಾದದ ಮುಂದೆ ಕುಳಿತುಕೊಳ್ಳುವ ವಾಡಿಕೆಯನ್ನು ಮಾತ್ರ ಬಿಡಲಿಲ್ಲ.

ಅತ್ತ ಡ್ಯುಮಾಂಟ್ ಜಾಲ ಮುಳುಗುತ್ತಿತ್ತು. ಪಿಟ್ಸ್‌ಬರ್ಗ್ ಕೇಂದ್ರವನ್ನು 97 ಲಕ್ಷ 50 ಸಾವಿರ ಡಾಲರಿಗೆ ಮಾರಿದ ಮೇಲೆ ಜಾಲಕ್ಕೆ ಆಧಾರವೇ ತಪ್ಪಿತು. 1955ರಲ್ಲಿ ಶೀನ್ ಎಬಿಸಿಗೆ ಹೋದರು. 1956ರ ಆಗಸ್ಟ್‌ನಲ್ಲಿ ಒಂದು ಬಾಕ್ಸಿಂಗ್ ಪಂದ್ಯದೊಂದಿಗೆ ಡ್ಯುಮಾಂಟ್ ಪ್ರಸಾರ ನಿಂತಿತು. ಅಡೆಲ್ಫಿ ನಾಟಕಶಾಲೆಯನ್ನು 1970ರಲ್ಲಿ ಕೆಡವಿದರು.

ಶೀನ್ 1961ರಿಂದ 1968ರವರೆಗೆ ಪುನಃ ಟಿ.ವಿ.ಗೆ ಬಂದರು. 1966ರಲ್ಲಿ ರೋಚೆಸ್ಟರ್‌ನ ಧರ್ಮಾಧ್ಯಕ್ಷರಾಗಿ ಮೂರು ವರ್ಷ ದುಡಿದರು. ಆ ದಿನಗಳು ಸುಗಮವಾಗಿರಲಿಲ್ಲ. 1979ರ ಅಕ್ಟೋಬರ್ 2ರಂದು ನ್ಯೂಯಾರ್ಕ್‌ನ ಸಂತ ಪ್ಯಾಟ್ರಿಕ್ ಪ್ರಧಾನ ದೇವಾಲಯದಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರನ್ನು ಅಪ್ಪಿಕೊಂಡರು. ಎರಡು ತಿಂಗಳಲ್ಲಿ, ಡಿಸೆಂಬರ್ 9ರಂದು, ಶೀನ್ ದೈವಾಧೀನರಾದರು. 2012ರಲ್ಲಿ ಅವರನ್ನು ಪೂಜ್ಯರೆಂದು ಘೋಷಿಸಲಾಯಿತು. 2019ರಲ್ಲಿ ಅವರ ಪಾರ್ಥಿವ ಶರೀರವನ್ನು ಪಿಯೋರಿಯಾಕ್ಕೆ ತರಲಾಯಿತು. ಆ ವರ್ಷದ ಡಿಸೆಂಬರಿಗೆ ಗೊತ್ತಾಗಿದ್ದ ಧನ್ಯತಾ ಘೋಷಣೆಯನ್ನು ಕೊನೆಯ ಗಳಿಗೆಯಲ್ಲಿ ಮುಂದೂಡಲಾಯಿತು.

ನೇರ ಪ್ರಸಾರವಾದದ್ದನ್ನು ನಾವು ಇಂದು ನೋಡುವುದು ಹೇಗೆ? ವಿಡಿಯೋ ಟೇಪ್ ಬಳಕೆಗೆ ಬಂದದ್ದು 1956ರಲ್ಲಿ. ಅದಕ್ಕೆ ಮೊದಲು ಟಿ.ವಿ. ಪರದೆಯ ಎದುರಿಗೇ ಸಿನೆಮಾ ಕ್ಯಾಮರಾ ಇಟ್ಟು ಚಿತ್ರ ಹಿಡಿಯುತ್ತಿದ್ದರು. ಕಿನೆಸ್ಕೋಪ್ ಎಂದು ಅದರ ಹೆಸರು. ಟಿ.ವಿ.ಯಲ್ಲಿ ಸೆಕೆಂಡಿಗೆ 30 ಚಿತ್ರ, ಸಿನೆಮಾದಲ್ಲಿ 24. ಎರಡನ್ನೂ ಹೊಂದಿಸಲು ವಿಶೇಷ ಕ್ಯಾಮರಾವೇ ಬೇಕಾಯಿತು. ಈಸ್ಟ್‌ಮನ್ ಕೊಡಾಕ್, ಎನ್‌ಬಿಸಿ ಮತ್ತು ಡ್ಯುಮಾಂಟ್ ಪ್ರಯೋಗಾಲಯ ಸೇರಿ 1947ರಲ್ಲಿ ಅದನ್ನು ರೂಪಿಸಿದ್ದವು. ತಂತಿ ತಲುಪದ ಊರಿನ ಕೇಂದ್ರಗಳಿಗೆ ಈ ರೀಲುಗಳು ಅಂಚೆಯಲ್ಲಿ ಹೋಗುತ್ತಿದ್ದವು. ಡ್ಯುಮಾಂಟ್ ಜಾಲದ ಬಹುಪಾಲು ರೀಲುಗಳು ಮಾತ್ರ ಉಳಿಯಲಿಲ್ಲ. 1970ರ ದಶಕದಲ್ಲಿ ಲಾರಿಗಳಲ್ಲಿ ತುಂಬಿ ನ್ಯೂಯಾರ್ಕ್ ಕೊಲ್ಲಿಯ ನೀರಿಗೆ ಸುರಿದರೆಂದು ನಟಿ ಈಡಿ ಆಡಮ್ಸ್ 1996ರಲ್ಲಿ ಸಾಕ್ಷ್ಯ ನುಡಿದರು. ಆ ನಷ್ಟದ ನಡುವೆಯೂ ಶೀನ್ ಅವರ ಅನೇಕ ಕಂತುಗಳು ಉಳಿದುಕೊಂಡವು. ಇಂಟರ್‌ನೆಟ್ಟಿನಲ್ಲಿ ಅವು ಸಿಗುತ್ತವೆ. ಧರ್ಮಕೇಂದ್ರಗಳ ಮಾಧ್ಯಮ ತಂಡದವರು ಒಂದನ್ನಾದರೂ ಕೂಡಿ ನೋಡಬೇಕೆಂದು ನಮ್ಮ ಕೋರಿಕೆ. ಚಿತ್ರ ಮಸುಕಾಗಿದೆ, ಆದರೆ ಹಲಗೆಯ ಮೇಲಿನ ಅಕ್ಷರಗಳನ್ನು ಓದಬಹುದು.