ಕುರಿಮಂದೆಗೆ ಕಾವಲಾದ ವಿಜ್ಞಾನಿ ಲೂಯಿ ಪಾಶ್ಚರ್

ಹಾಲಿನ ಪ್ಯಾಕೆಟ್ಟಿನ ಮೇಲೆ ‘ಪಾಶ್ಚರೀಕರಿಸಿದ’ ಎಂಬ ಪದವನ್ನು ನಾವೆಲ್ಲರೂ ಓದಿರುತ್ತೇವೆ. ಆ ಪದಕ್ಕೆ ಹೆಸರು ಕೊಟ್ಟ ಲೂಯಿ ಪಾಶ್ಚರ್ ಜನಿಸಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನ ಕಥೋಲಿಕ ಮನೆತನದಲ್ಲಿ. ತಂದೆ ಚರ್ಮ ಹದಮಾಡುವವರು. ಪಾಶ್ಚರ್ ವೈದ್ಯರಲ್ಲ, ಪಶುವೈದ್ಯರೂ ಅಲ್ಲ; ರಸಾಯನಶಾಸ್ತ್ರ ಕಲಿತವರು. ಆದರೂ ನಮ್ಮ ಹಟ್ಟಿಯ ದನಕರುಗಳಿಗೆ ಇಂದು ಹಾಕಿಸುವ ಲಸಿಕೆಗಳಿಗೆ ದಾರಿ ತೆರೆದದ್ದು ಅವರ ಪ್ರಯೋಗಶಾಲೆ.

1849ರಲ್ಲಿ ಮರೀ ಲೊರಾಂ ಅವರನ್ನು ವಿವಾಹವಾದರು. ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಎಳವೆಯಲ್ಲೇ ತೀರಿಕೊಂಡರು. ಹಿರಿಯವಳು ಜಾನ್ 1859ರಲ್ಲಿ ಟೈಫಾಯಿಡ್‌ಗೆ ಬಲಿಯಾದಾಗ ಅವಳಿಗೆ 9 ವರ್ಷ. 1868ರಲ್ಲಿ ಪಾಶ್ಚರ್ ಅವರಿಗೇ ಪಾರ್ಶ್ವವಾಯು ಬಡಿದು ಎಡಭಾಗ ದುರ್ಬಲವಾಯಿತು. ಲಸಿಕೆಗಳ ಕುರಿತ ಅವರ ಕೆಲಸಗಳೆಲ್ಲ ನಡೆದದ್ದು ಅದರ ನಂತರ.

1879ರಲ್ಲಿ ಅವರು ಕೋಳಿ ಕಾಲರಾದ ರೋಗಾಣುಗಳನ್ನು ಬೆಳೆಸುತ್ತಿದ್ದರು. ಹಳೆಯದಾದ ರೋಗಾಣುಗಳನ್ನು ಚುಚ್ಚಿದ ಕೋಳಿಗಳು ಸ್ವಲ್ಪ ಮಂಕಾಗಿ ಚೇತರಿಸಿಕೊಂಡವು. ಮತ್ತೆ ಹೊಸ, ಬಲವಾದ ರೋಗಾಣುಗಳನ್ನು ಚುಚ್ಚಿದಾಗಲೂ ಅವು ಸಾಯಲಿಲ್ಲ. ಇದನ್ನು ಬರೀ ಅದೃಷ್ಟವೆಂದು ಹೇಳುವವರಿದ್ದಾರೆ. ಸಹಾಯಕ ಎಮಿಲ್ ರೂ ಅವರ ತಿಂಗಳುಗಟ್ಟಲೆ ದುಡಿಮೆಯೂ ಇದರ ಹಿಂದಿದೆ ಎಂಬುದನ್ನು ನಾವು ಮರೆಯಬಾರದು.

ಆಗ ಫ್ರಾನ್ಸಿನ ರೈತರನ್ನು ಕಂಗೆಡಿಸಿದ್ದು ಆಂಥ್ರಾಕ್ಸ್, ಅಂದರೆ ನೆರಡಿ ರೋಗ. ಸಂಜೆ ಮೇಯುತ್ತಿದ್ದ ಕುರಿ ಬೆಳಿಗ್ಗೆಗೆ ಹೆಣವಾಗಿರುತ್ತಿತ್ತು. 1881ರ ಮೇ ತಿಂಗಳಲ್ಲಿ ಪುಯಿ-ಲ-ಫೋರ್ ಎಂಬ ಹಳ್ಳಿಯ ತೋಟದಲ್ಲಿ ಜನರೆದುರೇ ಪರೀಕ್ಷೆ ನಡೆಯಿತು. 24 ಕುರಿ, 1 ಆಡು, 6 ದನಗಳಿಗೆ ಮೇ 5ರಂದು ಮತ್ತು 17ರಂದು ಲಸಿಕೆ ಹಾಕಲಾಯಿತು. ಇನ್ನು 24 ಕುರಿ, 1 ಆಡು, 4 ದನಗಳನ್ನು ಹಾಗೆಯೇ ಬಿಡಲಾಯಿತು. ಮೇ 31ರಂದು ಎಲ್ಲವಕ್ಕೂ ಜೀವಂತ ರೋಗಾಣುಗಳನ್ನು ಚುಚ್ಚಿದರು. ಜೂನ್ 2ರ ಸಂಜೆಯೊಳಗೆ ಲಸಿಕೆ ಇಲ್ಲದ ಕುರಿಗಳೆಲ್ಲವೂ ಆಡೂ ಸತ್ತಿದ್ದವು. ಆ 4 ದನಗಳು ಜ್ವರದಿಂದ ಊದಿಕೊಂಡಿದ್ದವು. ಲಸಿಕೆ ಪಡೆದವು ನಿಂತು ಮೇಯುತ್ತಿದ್ದವು. ಅವುಗಳಲ್ಲಿ ಗಬ್ಬದ ಕುರಿಯೊಂದು ಮಾತ್ರ ಆಮೇಲೆ ಸತ್ತಿತು.

ಹೀಗೇಕಾಯಿತು? ರೋಗಾಣು ತನಗೆ ಬೇಕಾದ ಆಹಾರವನ್ನು ಶರೀರದಲ್ಲಿ ಒಮ್ಮೆ ಮುಗಿಸಿಬಿಡುತ್ತದೆ, ಎರಡನೆಯ ಸಲ ಅದಕ್ಕೆ ಏನೂ ಉಳಿಯುವುದಿಲ್ಲ ಎಂದು ಪಾಶ್ಚರ್ ಮೊದಲು ಊಹಿಸಿದರು. ಅದು ತಪ್ಪಾಗಿತ್ತು. ದುರ್ಬಲ ರೋಗಾಣು ಒಳಹೊಕ್ಕಾಗ ಬಿಳಿ ರಕ್ತಕಣಗಳು ಅದರ ಗುರುತು ಹಿಡಿದು, ಅದಕ್ಕೇ ಹೊಂದುವ ಪ್ರತಿಕಾಯಗಳನ್ನು ತಯಾರಿಸುತ್ತವೆ. ಇದಕ್ಕೆ ಕೆಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಕೆಲವು ಕಣಗಳು ಆ ಗುರುತನ್ನು ನೆನಪಿಟ್ಟುಕೊಂಡು ಉಳಿಯುತ್ತವೆ. ನಿಜವಾದ ರೋಗ ಬಂದಾಗ ಹೊಸದಾಗಿ ಕಲಿಯಬೇಕಿಲ್ಲ, ಕೂಡಲೇ ಎದುರಿಸುತ್ತವೆ. ಎರಡನೆಯ ಚುಚ್ಚುಮದ್ದು ಆ ನೆನಪನ್ನು ಗಟ್ಟಿಮಾಡುತ್ತದೆ. ದನಕ್ಕೆ ಒಮ್ಮೆ ಹಾಕಿಸಿದ್ದೇವಲ್ಲ ಎಂದು ಮುಂದಿನ ಸಲ ಬಿಟ್ಟುಬಿಡುವವರು ಇದನ್ನು ಗಮನಿಸಬೇಕು. ಕೆಲವು ರೋಗಗಳ ನೆನಪು ಬೇಗ ಮಾಸುತ್ತದೆ.

ಪಾಶ್ಚರ್ ಅವರನ್ನು ಸಂತರಂತೆ ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಆ ತೋಟದಲ್ಲಿ ಬಳಸಿದ ಲಸಿಕೆಯ ರೋಗಾಣುಗಳನ್ನು ಸಹೋದ್ಯೋಗಿ ಶಾಂಬರ್ಲಾನ್ ರಾಸಾಯನಿಕದಿಂದ ದುರ್ಬಲಗೊಳಿಸಿದ್ದರು. ಪಾಶ್ಚರ್ ಮಾತ್ರ, ಗಾಳಿಯಲ್ಲಿ ದುರ್ಬಲಗೊಳಿಸಿದ ತಮ್ಮದೇ ವಿಧಾನವೆಂದು ಲೋಕ ನಂಬುವಂತೆ ಬಿಟ್ಟರು. ಅವರ ನೋಟ್‌ಪುಸ್ತಕಗಳಿಂದ ಈ ಸಂಗತಿ ಹೊರಬರಲು ದಶಕಗಳೇ ಬೇಕಾದವು. ಇದೇ ದಾರಿಯಲ್ಲಿ ಮೊದಲೇ ನಡೆದಿದ್ದ ಪಶುವೈದ್ಯ ತೂಸಾಂ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ಹಾಗೆಯೇ ದೈವವಿಶ್ವಾಸದ ಕುರಿತು ಪಾಶ್ಚರ್ ಹೆಸರಿನಲ್ಲಿ ಹರಿದಾಡುವ ಮಾತುಗಳೆಲ್ಲವೂ ಅವರದೇ ಎಂದು ನಂಬುವ ಹಾಗಿಲ್ಲ. ಅವನ್ನು ಇಲ್ಲಿ ಬಿಟ್ಟಿದ್ದೇವೆ.

1885ರ ಜುಲೈ 6ರಂದು ತಾಯಿಯೊಬ್ಬಳು ಹುಚ್ಚುನಾಯಿ ಕಚ್ಚಿದ ಮಗ ಜೋಸೆಫ್ ಮೈಸ್ಟರ್‌ನನ್ನು ಕರೆತಂದಳು. ನಾಯಿಗಳ ಮೇಲಿನ ಪ್ರಯೋಗ ಇನ್ನೂ ಮುಗಿದಿರಲಿಲ್ಲ. ಬಿಟ್ಟರೆ ಹುಡುಗ ಸಾಯಬಹುದು, ಚುಚ್ಚಿದರೂ ಸಾಯಬಹುದು. ಅವನಿಗೂ 9 ವರ್ಷ. ಪಾಶ್ಚರ್ ಒಪ್ಪಿದರು, ವೈದ್ಯರೊಬ್ಬರ ಕೈಯಿಂದ ಸುಮಾರು ಹತ್ತು ದಿನಗಳಲ್ಲಿ 13 ಚುಚ್ಚುಮದ್ದು ಕೊಡಿಸಿದರು. ಈ ರೋಗದ ವಿಷಾಣು ಗಾಯದಿಂದ ಮಿದುಳು ಸೇರಲು ಸಾಮಾನ್ಯವಾಗಿ ವಾರಗಳೇ ಹಿಡಿಯುತ್ತವೆ. ಆ ಅವಧಿಯಲ್ಲಿ ಶರೀರ ಸಜ್ಜಾಗುತ್ತದೆ. ಹುಡುಗ ಬದುಕಿದ.

1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ನಿಧನರಾದರು. ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದಲ್ಲಿ ಅಂತ್ಯಕ್ರಿಯೆಯ ವಿಧಿಗಳು ನಡೆದವು. ಅವರ ಹೆಸರಿನ ಸಂಸ್ಥೆಯ ನೆಲಮಾಳಿಗೆಯಲ್ಲಿ ಅವರ ಸಮಾಧಿಯಿದೆ. ಅಲ್ಲಿ ಬಣ್ಣದ ಕಲ್ಲುಚೂರುಗಳಿಂದ ಕೂಡಿಸಿದ ಚಿತ್ರಗಳಲ್ಲಿ ಕುರಿ, ಕೋಳಿ, ನಾಯಿಗಳೂ ಇವೆ.